ಮನೆಗಿಂತ ಮೊದಲು ಶಾಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟು ನೋಡು ಎಂಬ ಮಾತನ್ನು ಸೇರಿಸಲಿಲ್ಲ. ಅವರ ಕಾಲಕ್ಕೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲವೆನ್ನಿ. ಈಗ ಹುನಗುಂದ, ಬಾದಾಮಿ ಸೀಮೆಯ ಹಳ್ಳಿಗಳಿಂದ ದುಡಿಮೆಗಾಗಿ ಗೋವಾ, ಮಂಗಳೂರು, ಬೆಂಗಳೂರು ಎಂದು ಹೊರಡುವ ಸಂಸಾರಗಳು ಎಷ್ಟೋ. ಹೊರಡುವ ಮುನ್ನ ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಶಾಲೆಯ ಮಾತು ಬರುವುದು ಮಾತ್ರ ಸಾಮಾನು ಇಳಿಸಿದ ಮೇಲೆ. ಆಗ ಉಳಿದಿರುವುದು ಆಯ್ಕೆಯಲ್ಲ, ಸಿಕ್ಕಿದ್ದಕ್ಕೆ ಹೊಂದಿಕೊಳ್ಳುವುದು.

ರಾಮಥಾಳದ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಯಜಮಾನನಿಗೆ ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಮಗ ಎರಡನೆಯ ಇಯತ್ತೆ, ಮಗಳು ಏಳನೆಯದು. ಊರ ಹೊರಗಿನ ಬಡಾವಣೆಯಲ್ಲಿ ಬಾಡಿಗೆ ಕಡಿಮೆ, ಶಾಲೆಯ ಹತ್ತಿರದ ಓಣಿಯಲ್ಲಿ ಹೆಚ್ಚು. ತಿಂಗಳಿಗೆ ನಾಲ್ಕು ಕಾಸು ಉಳಿಯಿತೆಂದು ಎರಡು ಕಿಲೋಮೀಟರ್ ದೂರದ ಮನೆ ಹಿಡಿದರು ಎನ್ನೋಣ. ಪಾಟಿಚೀಲ ಹೊತ್ತ ಮಗು ತಾಸಿಗೆ ನಾಲ್ಕು ಕಿಲೋಮೀಟರ್ ನಡೆದರೆ ಹೆಚ್ಚು. ಹೋಗಿಬರಲು ದಿನಕ್ಕೆ ಒಂದು ತಾಸು ಬೇಕು. ಆರರಿಂದ ಎಂಟನೆಯ ಇಯತ್ತೆಗೆ ವರ್ಷಕ್ಕೆ ಕನಿಷ್ಠ 220 ದಿನ, 1,000 ತಾಸು ಪಾಠ ನಡೆಯಬೇಕೆಂಬುದು ನಿಯಮ. ಅಂದರೆ ಪಾಠದ ಅವಧಿಯ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೊತ್ತು ಮಗಳು ದಾರಿಯಲ್ಲೇ ಕಳೆಯುತ್ತಾಳೆ. ನಡೆಯುವುದು ಕೆಟ್ಟದ್ದೇನಲ್ಲ. ಆದರೆ ಕಲ್ಲು ಹೇರಿಕೊಂಡ ಲಾರಿಗಳು ಓಡುವ ರಸ್ತೆಯನ್ನು ಎರಡನೆಯ ಇಯತ್ತೆಯ ಹುಡುಗ ದಾಟಬೇಕಾಗಿದ್ದರೆ ಆ ಅಗ್ಗದ ಮನೆ ಅಗ್ಗವಲ್ಲ.

ಅಮೆರಿಕದಲ್ಲಿ ಸರ್ಕಾರಿ ಶಾಲೆಯ ಪ್ರವೇಶ ಬಹುಮಟ್ಟಿಗೆ ಮನೆಯ ವಿಳಾಸದ ಮೇಲೆ ನಿಂತಿದೆ. ಹೀಗಾಗಿ ಒಳ್ಳೆಯ ಶಾಲೆಯ ಸುತ್ತಲಿನ ಮನೆಗಳ ಬೆಲೆ ಏರಿರುತ್ತದೆ. ಬಡವನ ಮಗು ಬಡ ಶಾಲೆಗೇ ಹೋಗುತ್ತದೆ. ಇಲ್ಲಿ ಅಷ್ಟು ಬಿಗಿಯಾದ ಗಡಿ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೆಳಗೆ ರೂಪುಗೊಂಡ ನಿಯಮಗಳ ಪ್ರಕಾರ ಐದನೆಯ ಇಯತ್ತೆಯವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಖಾಸಗಿ ಶಾಲೆಯಲ್ಲಿ ನೂರಕ್ಕೆ 25 ಉಚಿತ ಸೀಟು ಸಿಗುತ್ತದೆಂದು ನಂಬಿ ಮನೆ ಹಿಡಿಯುವವರು ಇನ್ನೂ ಇದ್ದಾರೆ. ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೆ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದಂತೆ ಕರ್ನಾಟಕ 2018ರ ಕೊನೆಯಲ್ಲಿ ನಿಯಮ ಬದಲಿಸಿದೆ.

ಶಾಲೆಯನ್ನು ನೋಡಬೇಕಾದದ್ದು ರಜೆಯಲ್ಲಲ್ಲ, ಪಾಠ ನಡೆಯುವ ದಿನ ಹನ್ನೊಂದರ ಹೊತ್ತಿಗೆ. ಗೋಡೆಯ ಬಣ್ಣ, ಟೈ, ಬೂಟು ನೋಡಿ ಮರುಳಾಗುವವರೇ ಬಹಳ. ವಿಜ್ಞಾನ, ಗಣಿತ ಕಲಿಸುವವರು ಯಾರು, ಆ ಹುದ್ದೆ ತುಂಬಿದೆಯೋ ಖಾಲಿ ಇದೆಯೋ ಎಂದು ಕೇಳುವವರು ವಿರಳ. ಆರರಿಂದ ಎಂಟನೆಯ ಇಯತ್ತೆಗೆ ವಿಜ್ಞಾನ-ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬ ಶಿಕ್ಷಕರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಕೇಳುವುದು ಪಾಲಕರ ಹಕ್ಕು. ಇನ್ನೊಂದು ಮಾತು ಮಾಧ್ಯಮದ್ದು. ಆರು ವರ್ಷ ಕನ್ನಡದಲ್ಲಿ ಓದಿದ ಹುಡುಗಿಯನ್ನು, ಪೇಟೆಗೆ ಬಂದೆವೆಂದು, ಏಳನೆಯದರಲ್ಲಿ ಒಮ್ಮೆಲೇ ಇಂಗ್ಲಿಷಿಗೆ ದೂಡುತ್ತಾರೆ. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಬಗೆ ಅವಳಿಗೆ ಚೆನ್ನಾಗಿ ಗೊತ್ತು. ದ್ಯುತಿಸಂಶ್ಲೇಷಣೆ ಹೋಗಿ ಫೋಟೊಸಿಂಥೆಸಿಸ್ ಬಂದ ಕೂಡಲೇ ಬಲ್ಲವಳು ಬಾಯಿ ಮುಚ್ಚಿ ಕೂರುತ್ತಾಳೆ. ಮನೆ ಬದಲು, ಗೆಳತಿಯರು ಬದಲು. ಭಾಷೆಯನ್ನಾದರೂ ಅವಳ ಜೊತೆ ಉಳಿಯಗೊಡಬೇಕು. ಗೋವಾಕ್ಕೆ ಹೋಗುವವರು ಅಲ್ಲಿಯೂ ಕನ್ನಡ ಶಾಲೆಗಳಿವೆ ಎಂಬುದನ್ನು ತಿಳಿದು, ಅವು ಯಾವ ಓಣಿಯಲ್ಲಿವೆ ಎಂದು ವಿಚಾರಿಸಿಯೇ ಬಾಡಿಗೆ ಮನೆ ಹುಡುಕುವುದು ಮೇಲು.

ಓಣಿ ಆರಿಸುವಾಗ ಮರೆತುಹೋಗುವ ಸಂಗತಿ ನೀರು. ಬರುತ್ತದೆಯೇ ಎಂದು ಕೇಳುತ್ತಾರೆ, ಎಲ್ಲಿಂದ ಎಂದು ಕೇಳುವುದಿಲ್ಲ. ಹುನಗುಂದ, ಇಳಕಲ್ ಭಾಗದ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅಂಥ ನೀರು ಕುಡಿಯಲು ತಕ್ಕುದಲ್ಲ. ಶಾಶ್ವತ ಹಲ್ಲಿನ ಹೊರಪದರ ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆ ವಯಸ್ಸಿನಲ್ಲಿ ಕುಡಿದ ಫ್ಲೋರೈಡ್ ಹಲ್ಲಿನ ಮೇಲೆ ಕಂದು ಕಲೆಯಾಗಿ ಉಳಿಯುತ್ತದೆ, ತಿಕ್ಕಿದರೆ ಹೋಗದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದೂ ಇಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಎರಡನೆಯ ಇಯತ್ತೆಯ ಹುಡುಗನಿರುವ ಮನೆಗೆ ನದಿ ನೀರಿನ ನಲ್ಲಿಯೋ ಶುದ್ಧ ನೀರಿನ ಘಟಕವೋ ಹತ್ತಿರವಿರಬೇಕು. ಶಾಲೆಯಲ್ಲಿ ಕುಡಿಯುವ ನೀರೂ ಇದೇ ಲೆಕ್ಕಕ್ಕೆ ಸೇರಿತು.

ಕಾಗದಪತ್ರದ ಭಯ ಅನೇಕರಿಗೆ. ಎಂಟನೆಯ ಇಯತ್ತೆಯವರೆಗೆ ಟಿ.ಸಿ. ತಡವಾಯಿತೆಂದು, ಜನ್ಮದಾಖಲೆ ಇಲ್ಲವೆಂದು, ವರ್ಷದ ನಡುವೆ ಬಂದರೆಂದು ಪ್ರವೇಶ ನಿರಾಕರಿಸುವಂತಿಲ್ಲ; ಮಗುವಿಗೆ ಪರೀಕ್ಷೆ ಇಟ್ಟು ಸೇರಿಸಿಕೊಳ್ಳುವಂತೆಯೂ ಇಲ್ಲ. ಹಳೆಯ ಶಾಲೆಯಿಂದ ಸ್ಯಾಟ್ಸ್ ಸಂಖ್ಯೆಯನ್ನು ಬರೆದುಕೊಂಡು ಹೊರಟರೆ ಅಲೆದಾಟ ತಪ್ಪುತ್ತದೆ. ಒಂಬತ್ತು, ಹತ್ತಕ್ಕೆ ಈ ಕಾಯ್ದೆಯ ರಕ್ಷಣೆ ಇಲ್ಲ. ಮಗ ಅಥವಾ ಮಗಳು ಹತ್ತರಲ್ಲಿದ್ದರೆ ಪರೀಕ್ಷೆ ಮುಗಿಯುವವರೆಗೆ ಅಜ್ಜಿಯ ಮನೆಯಲ್ಲಿ ಬಿಡುವುದೇ ಲೇಸು.

ಇಷ್ಟೆಲ್ಲ ಆರಿಸಿಕೊಳ್ಳಬಲ್ಲವರ ಮಾತಾಯಿತು. ಮುಳುಗಡೆಯವರಿಗೆ ಆಯ್ಕೆ ಎಲ್ಲಿತ್ತು? 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಗುಂಟ ಏರಿ ಬಾಗಲಕೋಟೆಯ ಓಣಿಗಳನ್ನೇ ನುಂಗಿತು. ಆ ಜನರಿಗಾಗಿ ಎದ್ದ ನವನಗರದ ಯೋಜನೆ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ಅಗಲ ರಸ್ತೆ, ಸಾಲುಮರ, ಸೆಕ್ಟರ್‌ಗಳು ಎಲ್ಲ ಚೆಂದ. ಆದರೆ ಮನೆ ನವನಗರದಲ್ಲಿ, ಅಂಗಡಿ ಹಳೆಯ ಊರಿನಲ್ಲಿ ಎಂಬ ಇಬ್ಬಂದಿ ಅನೇಕರದಾಯಿತು. ಒಂದೇ ಕಟ್ಟೆಯ ಮೇಲೆ ಆಡಿದ ಮಕ್ಕಳು ಬೇರೆ ಬೇರೆ ಸೆಕ್ಟರಿಗೆ ಹಂಚಿಹೋದರು. ನಿವೇಶನದ ಅಳತೆಗೆ ಲೆಕ್ಕವಿತ್ತು, ಈ ನಷ್ಟವನ್ನು ಬರೆಯಲು ಯಾವ ಕಡತದಲ್ಲೂ ಕಲಂ ಇರಲಿಲ್ಲ.

ಈಗ ನೀರು ನಿಲ್ಲುವುದು 519.6 ಮೀಟರಿಗೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಜಾರಿಯಾದ ದಿನ ಇನ್ನಷ್ಟು ಹಳ್ಳಿಗಳು ಜಾಗ ಬಿಡಬೇಕು. ಪರಿಹಾರ ಎಕರೆಗೆ ಎಷ್ಟೆಂಬ ಚರ್ಚೆ ಕಟ್ಟೆಕಟ್ಟೆಯಲ್ಲೂ ನಡೆದೀತು, ನಡೆಯಲಿ. ಆದರೆ ಪುನರ್ವಸತಿ ಕೇಂದ್ರದ ನಕಾಶೆಯನ್ನು ಮುಂದೆ ಹರಡಿದಾಗ ತಾಯಂದಿರು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಪ್ರಾಥಮಿಕ ಶಾಲೆಯೇನೋ ಇಲ್ಲಿದೆ, ಹೈಸ್ಕೂಲು ಎಲ್ಲಿ? ಹಳ್ಳಿಯಲ್ಲಿ ಹುಡುಗಿಯ ಓದು ನಿಲ್ಲುವುದು ಬಹುತೇಕ ಇದೇ ತಿರುವಿನಲ್ಲಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಹಣ ಬೇಕಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ, ಕತ್ತಲಾಗುವ ಮುಂಚೆ, ಊರಿಗೆ ಬರುವ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ನಿವೇಶನಕ್ಕೆ ಸಹಿ ಹಾಕುವ ಮೊದಲೇ ಡಿಪೊದಲ್ಲಿ ಕೇಳಿ ಬರಬೇಕು.