ಆಟಿಸಂ: ಲಾಲಾರಸದ ಪರೀಕ್ಷೆ ಮತ್ತು ಮನೆಮಾತಿನ ಪ್ರಶ್ನೆ

ಮಗುವಿನ ಲಾಲಾರಸವನ್ನು ಪರೀಕ್ಷಿಸಿ ಆಟಿಸಂ ಇದೆಯೇ ಎಂದು ತಿಳಿಯಬಹುದೆಂಬ ಸುದ್ದಿ ಆಗಾಗ ಪ್ರಕಟವಾಗುತ್ತಿರುತ್ತದೆ. ಗಡಿನಾಡಿನ ಹೆತ್ತವರಿಗೆ ಇದರಲ್ಲೊಂದು ವಿಶೇಷ ಆಕರ್ಷಣೆಯಿದೆ. ಮನೆಯಲ್ಲಿ ತುಳು ಅಥವಾ ಕನ್ನಡ, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ. ಹೀಗೆ ಬೆಳೆಯುವ ಕಾಸರಗೋಡಿನ ಮಗುವಿಗೆ ಯಾವ ಭಾಷೆಯನ್ನೂ ಬಯಸದ ಪರೀಕ್ಷೆಯೊಂದು ದೊರೆತರೆ ಅದು ವರವೇ ಸರಿ. ಸೂಜಿಯ ಭಯವೂ ಇಲ್ಲ. ಆದರೆ ಲಾಲಾರಸದಲ್ಲಿ ಉತ್ಕರ್ಷಣ ಒತ್ತಡವನ್ನು ಅಳೆಯುವ ಈ ವಿಧಾನ ಇನ್ನೂ ಸಂಶೋಧನೆಯ ಹಂತದಲ್ಲಿಯೇ ಇದೆ.

ಜೀವಕೋಶಗಳು ಆಮ್ಲಜನಕವನ್ನು ಬಳಸಿ ಶಕ್ತಿಯನ್ನು ಪಡೆಯುವಾಗ ಕೆಲವು ಹಾನಿಕಾರಕ ಅಣುಗಳೂ ಹುಟ್ಟುತ್ತವೆ. ಗ್ಲುಟಾಥಯೋನ್‌ನಂತಹ ನಿರೋಧಕಗಳು ಅವನ್ನು ಅಡಗಿಸುತ್ತವೆ. ಈ ಸಮತೋಲ ತಪ್ಪಿದ ಸ್ಥಿತಿಯೇ ಉತ್ಕರ್ಷಣ ಒತ್ತಡ. 2004ರಲ್ಲಿ ಅಮೆರಿಕದ ಜಿಲ್ ಜೇಮ್ಸ್ ಮತ್ತು ಸಂಗಡಿಗರು ಆಟಿಸಂ ಇರುವ 20 ಮಕ್ಕಳ ರಕ್ತವನ್ನು ಇತರ 33 ಮಕ್ಕಳ ರಕ್ತದೊಡನೆ ಹೋಲಿಸಿ, ಮೊದಲಿನವರಲ್ಲಿ ಗ್ಲುಟಾಥಯೋನ್ ಕಡಿಮೆಯಿರುವುದನ್ನು ವರದಿ ಮಾಡಿದರು. ರಕ್ತದಲ್ಲಿ ಕಂಡುದನ್ನು ಲಾಲಾರಸದಲ್ಲಿ ಹುಡುಕುವ ಯತ್ನಗಳೂ ನಡೆದಿವೆ.

ತೊಡಕಿರುವುದು ಬಾಯಿಯಲ್ಲಿಯೇ. ಒಸಡು ಊದಿಕೊಂಡರೆ, ಹಲ್ಲು ಹುಳುಕಾದರೆ ಲಾಲಾರಸದ ಈ ಅಳತೆಗಳು ಬದಲಾಗುತ್ತವೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಬ್ರಶ್ಶಿನ ಸ್ಪರ್ಶ, ಪೇಸ್ಟಿನ ರುಚಿ ಸಹಿಸಲಾಗದು. ಹಲ್ಲುಜ್ಜಿಸುವುದೆಂದರೆ ಅವರ ತಾಯಂದಿರಿಗೆ ನಿತ್ಯದ ಯುದ್ಧ. ಹಾಗಾದರೆ ಪ್ರಯೋಗಾಲಯ ಅಳೆದದ್ದು ಆಟಿಸಮ್ಮನ್ನೋ, ಒಸಡಿನ ಉರಿಯೂತವನ್ನೋ? ಊಟದ ಹೊತ್ತು, ಲಾಲಾರಸ ಸಂಗ್ರಹಿಸಿದ ರೀತಿ ಇವೂ ಫಲಿತಾಂಶವನ್ನು ಅಲುಗಾಡಿಸುತ್ತವೆ. ಮೇಲಾಗಿ ಉತ್ಕರ್ಷಣ ಒತ್ತಡ ಮಧುಮೇಹ, ಆಸ್ತಮಾ ಮುಂತಾದ ಅನೇಕ ಸ್ಥಿತಿಗಳಲ್ಲಿಯೂ ಕಾಣಿಸುತ್ತದೆ. ಎರಡು ಗುಂಪುಗಳ ಸರಾಸರಿಯಲ್ಲಿ ಅಂತರವಿದ್ದ ಮಾತ್ರಕ್ಕೆ ನಿಮ್ಮ ಮಗುವಿನ ವಿಷಯದಲ್ಲಿ ತೀರ್ಪು ಕೊಡಲಾಗದು. ಇಂಥ ವರದಿಯನ್ನು ನಂಬಿ ‘ಆ್ಯಂಟಿ ಆಕ್ಸಿಡೆಂಟ್’ ಬಾಟಲಿಗಳಿಗೆ ಹಣ ಸುರಿಯುವುದಕ್ಕಂತೂ ಆಧಾರವಿಲ್ಲ.

ಇಂದಿಗೂ ಆಟಿಸಮ್ಮನ್ನು ನಿರ್ಣಯಿಸುವುದು ಮಗುವಿನ ನಡೆನುಡಿಯನ್ನು ಗಮನಿಸಿ, ಹೆತ್ತವರನ್ನು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆಟಿಸಮ್ಮನ್ನು ಪಟ್ಟಿಯಲ್ಲಿ ಸೇರಿಸಿದೆ. ಅದರ ತೀವ್ರತೆಯನ್ನು ಅಳೆಯಲು ರೂಪಿಸಿದ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. ಅವುಗಳಲ್ಲೊಂದು ಭಾಗ ಸಂಪೂರ್ಣವಾಗಿ ಮಾತು ಮತ್ತು ಸಂವಹನಕ್ಕೇ ಮೀಸಲು. ಕೇಳಿದ್ದನ್ನೇ ಮರುನುಡಿಯುತ್ತದೆಯೇ, ‘ನಾನು’, ‘ನೀನು’ ಅದಲುಬದಲಾಗುತ್ತವೆಯೇ ಎಂಬುದನ್ನು ಅಲ್ಲಿ ನೋಡಲಾಗುತ್ತದೆ. ಬಾಯಾರಿದ ಮಗು “ನೀರು ಬೇಕು” ಎನ್ನದೆ, ಅಮ್ಮ ಕೇಳುವ ಧಾಟಿಯಲ್ಲಿಯೇ “ನೀರು ಬೇಕಾ?” ಎನ್ನುತ್ತದೆ ಎಂದುಕೊಳ್ಳಿ. ಕನ್ನಡ ಬಲ್ಲವರಿಗೆ ಇದು ಮಹತ್ವದ ಸುಳಿವು. ಬಾರದವರಿಗೆ ಮಗು ನೀರು ಕೇಳಿತು, ಅಷ್ಟೇ. ಇದರ ವಿರುದ್ಧದ ತಪ್ಪೂ ಸಾಧ್ಯ. ಮಲಯಾಳದ ಪ್ರಶ್ನೆ ಅರ್ಥವಾಗದೆ ಸುಮ್ಮನಿದ್ದ ಮಗು ಮಾತಿನಲ್ಲಿ ಹಿಂದುಳಿದಿದೆ ಎನಿಸಿಕೊಳ್ಳಬಹುದು. ಎರಡೂ ಭಾಷೆ ಬಲ್ಲವರ ಸಮ್ಮುಖದಲ್ಲಿ ಮೌಲ್ಯಮಾಪನ ನಡೆಯಬೇಕೆಂದು ನಾವು ಒತ್ತಾಯಿಸಬೇಕಾದುದು ಇದಕ್ಕಾಗಿ.

ಅಲ್ಲಿಯವರೆಗೆ ಹೆತ್ತವರ ಕೈಯಲ್ಲಿರುವ ಉಪಾಯ ಸರಳ. ಮಗು ಆಡಿದ ಮಾತುಗಳನ್ನು ಆಡಿದಂತೆಯೇ, ಯಾವ ಸಂದರ್ಭದಲ್ಲಿ ಆಡಿತೆಂಬುದರ ಸಹಿತ, ಪುಸ್ತಕವೊಂದರಲ್ಲಿ ದಿನಾಂಕ ಹಾಕಿ ಬರೆದಿಡಿ. ಮನೆಯಲ್ಲಿ ಆಡುವಾಗಿನ ಒಂದೆರಡು ವಿಡಿಯೋ ಇರಲಿ. ಮಗುವನ್ನು ಬಲ್ಲ ಕನ್ನಡ ಅಧ್ಯಾಪಕರ ಟಿಪ್ಪಣಿಯೂ ಜೊತೆಗಿದ್ದರೆ, ವೈದ್ಯರ ಮುಂದೆ ಮಗು ಬಾಯಿ ಬಿಡದಿದ್ದರೂ ಅದರ ಮಾತು ಅವರನ್ನು ತಲುಪುತ್ತದೆ.