ಕೈ ಬಿಟ್ಟರೆ ಬಂದ್ ಆಗಬೇಕು

ನಮ್ಮವ್ವನ ಅಡಿಗಿಮನಿಯಾಗ ಒಂದು ಹ್ಯಾಂಡ್ ಬ್ಲೆಂಡರ್ ಅದ. ಬಟನ್ ಮೇಲಿಂದ ಬೆರಳು ತೆಗೆದರೆ ಸಾಕು, ನಿಂತುಬಿಡುತ್ತದೆ. ಅದು ಕಡೆಯೋದು ಮೊಸರು. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ನಮ್ಮ ಕಾಕಾನ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ನಾಲ್ಕಿಂಚಿನ ಗ್ರೈಂಡರ್ ಇದೆ. ಅದು ಕಡಿಯೋದು ಕಬ್ಬಿಣ. ಬೆರಳಲ್ಲ, ಎರಡೂ ಕೈ ತೆಗೆದರೂ ಅದು ನಿಲ್ಲುವುದಿಲ್ಲ.

ಇದು ಯಾವ ನ್ಯಾಯ ಹೇಳ್ರಿ?

ಆ ಗ್ರೈಂಡರಿನ ಮೈಮೇಲೆ ಒಂದೇ ಒಂದು ಸ್ಲೈಡ್ ಬಟನ್. ಮುಂದಕ್ಕೆ ತಳ್ಳಿದರೆ ಚಾಲೂ. ಮುಂದಿನ ತುದಿ ಒತ್ತಿದರೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಹಿಂದಿನ ತುದಿ ಒತ್ತಿದರೆ ಬಂದ್. ಮೂರು ಕೆಲಸ, ಒಂದು ಬಟನ್. ನೋಡಲು ಚೆಂದ, ಮಾಡಲು ಅಗ್ಗ. ಆದರೆ ನಾಲ್ಕಿಂಚಿನ ವೀಲ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ವೀಲಿನ ಅಂಚು ಗಂಟೆಗೆ 200 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅಂಥದ್ದನ್ನು ಬಂದ್ ಮಾಡಲು, ಕೈಗವಸು ಹಾಕಿಕೊಂಡ ಹೆಬ್ಬೆರಳಿನಿಂದ ಬಟನ್ನಿನ ಹಿಂದಿನ ತುದಿ ಹುಡುಕಬೇಕು!

ಹೋದ ಬ್ಯಾಸಿಗ್ಯಾಗ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಕೆಲಸದ ಹುಡುಗ ಗ್ರೈಂಡರನ್ನು ಟೇಬಲ್ ಮೇಲಿಟ್ಟು ಚಾ ಕುಡಿಯಲು ಹೋದ. ಬಟನ್ ಮುಂದೆಯೇ ಇತ್ತು. ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಫ್ಯಾನ್ ತಿರುಗಿತು, ಟ್ಯೂಬ್‌ಲೈಟ್ ಹತ್ತಿತು, ಗ್ರೈಂಡರ್ ಟೇಬಲ್ ಮೇಲಿಂದ ಜಿಗಿಯಿತು. ಕಾಕಾನ ಮೀನಖಂಡಕ್ಕೆ ಏಳು ಹೊಲಿಗೆ.

"ಬಟನ್ ಬಂದ್ ಮಾಡಿ ಹೋಗಾಕ ಏನಾಗಿತ್ತಲೇ ನಿನಗ?" ಅಂತ ಕಾಕಾ ಹುಡುಗನಿಗೆ ಬೈದ. ನಾನೂ ತಲೆಯಾಡಿಸಿದೆ. ಈಗ ಅನ್ನಿಸುತ್ತದೆ, ನಾವಿಬ್ಬರೂ ಬೈದದ್ದು ತಪ್ಪು ಆಸಾಮಿಗೆ. ಕರೆಂಟ್ ಇಲ್ಲದಾಗ ಚಾಲೂ ಇರೋ ಗ್ರೈಂಡರಿಗೂ ಬಂದ್ ಆಗಿರೋ ಗ್ರೈಂಡರಿಗೂ ಕಿವಿಗೆ ಏನು ಫರಕು? ಎರಡೂ ಮೂಕ. ಆ ನೆನಪು ಇಟ್ಟುಕೊಳ್ಳಬೇಕಾದದ್ದು ಸ್ವಿಚ್ಚು.

ಅದೇನು ರಾಕೆಟ್ ವಿದ್ಯೆಯಲ್ಲ. ಕುಂದಗೋಳದ ಹೊಲದಲ್ಲಿರೋ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿ. ಕರೆಂಟ್ ಹೋದರೆ ಒಳಗಿನ ಕಾಯಿಲ್ ಕೈಬಿಡುತ್ತದೆ. ಕರೆಂಟ್ ಬಂದರೂ ಹಸಿರು ಬಟನ್ ಮತ್ತೆ ಒತ್ತದೆ ಮೋಟರ್ ಅಲುಗುವುದಿಲ್ಲ. ಹೊಲದ ಸ್ಟಾರ್ಟರ್‌ಗೆ ಇರುವ ಬುದ್ಧಿ, ಕೈಯಲ್ಲಿ ಹಿಡಿಯೋ ಗ್ರೈಂಡರಿಗೆ ಯಾಕೆ ಬೇಡ? ರೀಸ್ಟಾರ್ಟ್ ಪ್ರೊಟೆಕ್ಷನ್ ಅಂತ ಹೆಸರಿಟ್ಟು ದುಬಾರಿ ಮಾಡೆಲ್ಲುಗಳಿಗೆ ಕೊಡುತ್ತಾರೆ. ಅಂದರೆ ಕಾಲು ಉಳಿಸಿಕೊಳ್ಳೋದು ಪ್ರೀಮಿಯಂ ಫೀಚರ್!

ಹಾಗಂತ ಒಂದೇ ಸ್ವಿಚ್ಚಿನಲ್ಲಿ ನಾಲ್ಕು ಕೆಲಸ ಸೇರಿಸೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಪಿಸ್ತೂಲು ಹಿಡಿಕೆಗೆ ಟ್ರಿಗರ್ ಕೂಡಿಸಿದ ಡ್ರಿಲ್ಲಿಗೆ ಬ್ಲ್ಯಾಕ್ ಅಂಡ್ ಡೆಕರ್ ಪೇಟೆಂಟ್ ಪಡೆದದ್ದು 1917ರಲ್ಲಿ. ಇವತ್ತು ಅದೇ ಟ್ರಿಗರ್ ಮೆಲ್ಲಗೆ ಒತ್ತಿದರೆ ನಿಧಾನ, ಪೂರ್ತಿ ಒತ್ತಿದರೆ ಜೋರು. ಪಕ್ಕದಲ್ಲೇ ಉಲ್ಟಾ-ಸೀದಾ ತಿರುಗಿಸೋ ಕಡ್ಡಿ. ಒಳ್ಳೆ ಡ್ರಿಲ್ಲಿನಲ್ಲಿ ಟ್ರಿಗರ್ ಒತ್ತಿರುವಾಗ ಆ ಕಡ್ಡಿ ಜಪ್ಪಯ್ಯ ಅಂದರೂ ಸರಿಯುವುದಿಲ್ಲ, ಒಳಗೊಂದು ಅಡ್ಡಪಟ್ಟಿ ತಡೆಯುತ್ತದೆ. ತಿರುಗುತ್ತಿರೋ ಮೋಟರನ್ನು ಫಕ್ಕನೆ ಉಲ್ಟಾ ಮಾಡಿದರೆ ಕಾರ್ಬನ್ ಬ್ರಶ್ಶು ಕಿಡಿ ಕಾರುತ್ತದೆ, ಗೇರು ಹಲ್ಲು ಮುರಿಯುತ್ತದೆ, ಮಣಿಕಟ್ಟು ತಿರುಚುತ್ತದೆ. ಕೂಡಿಸೋದಂದರೆ ಹೀಗೆ ಕೂಡಿಸಬೇಕು: ಒಂದು ಕೆಲಸ ನಡೆದಾಗ ಇನ್ನೊಂದಕ್ಕೆ 'ಈಗ ಬ್ಯಾಡ' ಅನ್ನುವಂತೆ. ಬರೇ ಜಾಗ ಮತ್ತು ರೊಕ್ಕ ಉಳಿಸಲು ಕೂಡಿಸಿದರೆ ಅದು ಡಿಸೈನ್ ಅಲ್ಲ, ಜುಗಾಡು.

"ಒತ್ತಿ ಹಿಡಿದರಷ್ಟೇ ತಿರುಗೋ ಬಟನ್ ಕೊಟ್ಟರೆ ಕೆಲಸದವರು ಅದಕ್ಕ ಟೇಪ್ ಸುತ್ತತಾರ್ರಿ" ಅಂತ ಇಂಜಿನಿಯರ್ ಗೆಳೆಯನೊಬ್ಬ ವಾದ ಹೂಡಿದ. ಹೌದು, ಸುತ್ತುತ್ತಾರೆ. ಯಾಕಂದರೆ ಎಂಟು ತಾಸು ಒಂದೇ ಬೆರಳಲ್ಲಿ ಗಟ್ಟಿ ಸ್ಪ್ರಿಂಗ್ ಒತ್ತಿ ಹಿಡಿದರೆ ಕೈ ಸೆಟೆದು ಹೋಗುತ್ತದೆ. ಹಂಗಾದ್ರ ಸ್ಪ್ರಿಂಗ್ ಮೆತ್ತಗೆ ಮಾಡ್ರಿ, ನಾಲ್ಕೂ ಬೆರಳು ಕೂರುವಷ್ಟು ಉದ್ದನೆಯ ಪ್ಯಾಡಲ್ ಕೊಡ್ರಿ. ಜನ ಟೇಪ್ ಸುತ್ತಿದರೆ ಅದು ಅವರ ಸೊಕ್ಕಲ್ಲ, ನಿಮ್ಮ ಡ್ರಾಯಿಂಗಿಗೆ ಬಂದ ಕಂಪ್ಲೇಂಟು.

ವಿದ್ಯಾನಗರದ ಇಂಜಿನಿಯರಿಂಗ್ ಕಾಲೇಜಿನಿಂದ ಗೋಕುಲ ರೋಡಿಗೆ ಬೈಕಿನ ಮೇಲೆ ಕಾಲು ತಾಸು ಸಾಕು. ಆದರೂ ನಾವು ಸ್ವಿಚ್ ಬಿಡಿಸೋದನ್ನು ಸ್ಕ್ರೀನ್ ಮೇಲೆ ಕಲಿಯುತ್ತೇವೆ, ಕಬ್ಬಿಣದ ಪುಡಿ ಮೆತ್ತಿದ ಕೈಯನ್ನು ನೋಡದೆಯೇ ಬೆಂಗಳೂರಿನ ಬಸ್ ಹತ್ತುತ್ತೇವೆ. ಇದನ್ನು ಓದುವವರಲ್ಲಿ ಕೆಲವರು ಡಿಸೈನಿನಲ್ಲಿದ್ದೀರಿ, ಕೆಲವರು ಪರ್ಚೇಸಿನಲ್ಲಿ. ಮುಂದಿನ ಸಲ ಗ್ರೈಂಡರ್ ಕೊಳ್ಳುವಾಗ ವೀಲ್ ಬಿಚ್ಚಿಸಿ, ಮಶೀನ್ ಗಟ್ಟಿಯಾಗಿ ಹಿಡಿದು ಚಾಲೂ ಮಾಡಿಸಿ. ಗೋಡೆಯ ಬಟನ್ ತೆಗೆದು ಮತ್ತೆ ಹಾಕಿಸಿ. ತಾನಾಗಿ ತಿರುಗಿದರೆ ಅಲ್ಲೇ ಬಿಟ್ಟು ಬನ್ನಿ.

ಕಾಕಾನ ಶೆಡ್ಡಿನಲ್ಲಿ ಈಗ ಕರೆಂಟ್ ಹೋದ ಕೂಡಲೇ ಹುಡುಗ ಓಡಿಹೋಗಿ ಪಿನ್ ಕೀಳುತ್ತಾನೆ. ಸ್ವಿಚ್ಚು ಮಾಡಬೇಕಾದ ಕೆಲಸವನ್ನು ಅವನೇ ಮಾಡುತ್ತಿದ್ದಾನೆ. ಅದಕ್ಕೆ ಬೇರೆ ಪಗಾರವಿಲ್ಲ.