ನೀರಿಗಿಳಿಯುವ ಮೋಟಾರು

ಮಾನೇಸರಿನ ಮಳೆ ನಮ್ಮ ಮಲೆನಾಡಿನ ಮಳೆಯಂತಲ್ಲ. ವರ್ಷವೆಲ್ಲ ಧೂಳು ಕುಡಿಸಿ, ಒಂದು ದಿನ ಆಕಾಶವನ್ನೇ ಬೋರಲು ಹಾಕುತ್ತದೆ. ನಮಗೂ ಗುರುಗ್ರಾಮಕ್ಕೂ ನಡುವೆ ನರಸಿಂಗಪುರವೆಂಬ ಊರಿದೆ. ಜಯಪುರದ ಹೆದ್ದಾರಿಯಲ್ಲಿ ಓಡಾಡುವವರಿಗೆ ಅದು ಪರಿಚಿತವಾಗಿರುವುದು ಅಲ್ಲಿ ನಿಲ್ಲುವ ನೀರಿನಿಂದ.

ಕಳೆದ ಮಳೆಗಾಲದ ಒಂದು ಸಂಜೆ ಮಿತ್ರರೊಬ್ಬರ ಹೊಸ ಥಾರ್ ಗಾಡಿಯಲ್ಲಿ ಮನೆಗೆ ಹಿಂದಿರುಗುತ್ತಿದ್ದೆವು. ಹಿಂದಿನ ಆಸನದಲ್ಲಿ ಅವರ ಇಬ್ಬರು ಮಕ್ಕಳು. ನರಸಿಂಗಪುರದ ಪಕ್ಕದ ರಸ್ತೆ ಕೆರೆಯಾಗಿತ್ತು. ಮಿತ್ರರು ನಕ್ಕು, "ಹೆದರಬೇಡಿ ರಾಯರೇ, ಇದು 650 ಮಿಲಿಮೀಟರು ನೀರಿನಲ್ಲಿ ಹೋಗುತ್ತದೆಂದು ಕಂಪನಿಯವರೇ ಹೇಳಿದ್ದಾರೆ" ಎಂದರು.

ಗುಮಾಸ್ತರಾದ ನಮಗೆ ಅಂಕಿ ಕಂಡರೆ ತಾಳೆ ನೋಡುವ ಚಟ. "ಸರಿ, ಇಲ್ಲಿರುವ ನೀರು ಎಷ್ಟು ಮಿಲಿಮೀಟರು?" ಎಂದು ಕೇಳಿದೆವು. ಉತ್ತರ ಬರಲಿಲ್ಲ. ಅಷ್ಟರಲ್ಲಿ ಮುಂದೆ ಹೊರಟಿದ್ದ ಸ್ಕೂಟರೊಂದರ ಗಾಲಿ ಕಾಣದ ಗುಂಡಿಗಿಳಿಯಿತು. ಸವಾರ ಎದೆಮಟ್ಟದ ನೀರಿನಲ್ಲಿ ಎದ್ದು ನಿಂತ. ಮಿತ್ರರು ಮಾತಿಲ್ಲದೆ ಗಾಡಿಯನ್ನು ಹಿಂದಕ್ಕೆ ತೆಗೆದರು.

ಆಮೇಲೆ ಈ ಅಂಕಿಯ ವಿಚಾರವನ್ನು ಸ್ವಲ್ಪ ಓದಿ ನೋಡಿದೆವು. ಥಾರಿಗೆ 650, ಗೂರ್ಖಾಕ್ಕೆ 700, ವಿಲಾಯತಿಯ ಡಿಫೆಂಡರಿಗೆ 900 ಮಿಲಿಮೀಟರು. ಅದರ ಮುಖ್ಯ ಗುಟ್ಟು ಇಂಜಿನು ಗಾಳಿ ಎಳೆದುಕೊಳ್ಳುವ ಬಾಯಿ ಎಷ್ಟು ಎತ್ತರದಲ್ಲಿದೆ ಎಂಬುದರಲ್ಲಿದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿಗೆ ನೀರು ಹೊಕ್ಕರೆ ಪಿಸ್ಟನ್ನು ತಡೆದು ನಿಂತು, ಅದರ ರಾಡು ಬಾಗಿಹೋಗುತ್ತದೆ. ಆದುದರಿಂದ ನೀರಿನ ನಡುವೆ ಇಂಜಿನು ನಿಂತರೆ ಮತ್ತೆ ಚಾಲೂ ಮಾಡಕೂಡದು. ಗೂರ್ಖಾಕ್ಕೆ ಗಾಳಿಯ ಕೊಳವೆಯನ್ನು ಮೇಲಕ್ಕೆ ಏರಿಸಿದ್ದಾರೆ. ಅದು ಇಂಜಿನನ್ನು ಉಳಿಸೀತು, ಒಳಗೆ ಕುಳಿತವರನ್ನಲ್ಲ.

ಈ ಅಳತೆ ನಿಂತ ನೀರಿಗೆ, ಗಟ್ಟಿ ನೆಲಕ್ಕೆ, ನಿಧಾನದ ನಡೆಗೆ ಸಲ್ಲುವಂಥದು. ವೇಗವಾಗಿ ನುಗ್ಗಿದರೆ ನಮ್ಮ ಗಾಡಿಯೇ ಅಲೆ ಎಬ್ಬಿಸಿ ನೀರನ್ನು ಬಾನೆಟ್ಟಿಗೆ ಏರಿಸುತ್ತದೆ. ಎದುರಿನ ಲಾರಿಯ ಅಲೆ ಬೇರೆ. ಮೇಲಾಗಿ ನೀರು ಗಾಡಿಯನ್ನು ಎತ್ತುತ್ತದೆ. ನಾಲ್ಕು ಮೀಟರು ಉದ್ದ, 1.8 ಮೀಟರು ಅಗಲದ ಗಾಡಿಯ ತಳದಿಂದ ನೀರು 10 ಸೆಂಟಿಮೀಟರು ಮೇಲೇರಿದರೆ, ಒಳಗೆ ನೀರು ನುಗ್ಗುವ ತನಕ, ಸುಮಾರು 700 ಕಿಲೋ ತೂಕ ಕಡಿಮೆಯಾದಂತೆ. ಗಾಲಿಗೆ ಹಿಡಿತವೆಲ್ಲಿಯದು? ಹರಿಯುವ ನೀರು 30 ಸೆಂಟಿಮೀಟರಿದ್ದರೆ ಅನೇಕ ಕಾರುಗಳು ತೇಲುತ್ತವೆ. 60 ಇದ್ದರೆ ಎಸ್‌ಯುವಿಯಂಥ ದೊಡ್ಡ ಗಾಡಿಯೂ ಕೊಚ್ಚಿಹೋದೀತು.

2024ರ ಸೆಪ್ಟೆಂಬರ್ 13ರ ರಾತ್ರಿ ಫರೀದಾಬಾದಿನ ರೈಲ್ವೆ ಅಂಡರ್‌ಪಾಸಿನಲ್ಲಿ, ಎತ್ತರದ ಎಸ್‌ಯುವಿಯಲ್ಲಿ ಹೊರಟಿದ್ದ ಇಬ್ಬರು ಬ್ಯಾಂಕ್ ನೌಕರರು ಮುಳುಗಿ ತೀರಿಕೊಂಡರು. ಅದರ ಹಿಂದಿನ ವರ್ಷದ ಮೇ 21ರಂದು ನಮ್ಮ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರಿನೊಳಗೆ ನೀರು ನುಗ್ಗಿ ಯುವತಿಯೊಬ್ಬಳು ಹೋದಳು. ನಮ್ಮಂತೆಯೇ ಅವರೂ ಮನೆ ಸೇರಬೇಕಾಗಿದ್ದವರು.

ಓದುಗ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ನೆಲ ಕಾಣದ ನೀರಿಗೆ, ಅದರಲ್ಲೂ ಅಂಡರ್‌ಪಾಸಿನ ನೀರಿಗೆ, ಗಾಡಿ ಇಳಿಸಬೇಡಿ. ಅರಿತ ನೀರನ್ನು ದಾಟಿದರೂ ಆಚೆ ದಡದಲ್ಲಿ ಬ್ರೇಕನ್ನು ಎರಡು ಮೂರು ಸಲ ಒತ್ತಿ ಪರೀಕ್ಷಿಸಿ.

ಆ ಸಂಜೆ ಚಹಾದಂಗಡಿಯಲ್ಲಿ ಎರಡು ಗಂಟೆ ಕಾದೆವು. ಮಕ್ಕಳು ಪಕೋಡ ತಿಂದು ನಮ್ಮ ಹೆಗಲಿಗೊರಗಿ ನಿದ್ದೆಹೋದರು. ಮನೆ ತಲುಪಿದಾಗ ಸಾರು ಆರಿತ್ತು. ಬೈಗುಳ ಮಾತ್ರ ಬಿಸಿಯಾಗಿತ್ತು. ಎರಡನ್ನೂ ಸಂತೋಷದಿಂದಲೇ ಸ್ವೀಕರಿಸಿದೆವು.